ಪಸೊಲಿನಿ ಎಂಬ ತಕರಾರು

ಆಫೀಸಿನ ಗೆಳೆಯನೊಬ್ಬ ಹಾರ್ಡ್ ಡಿಸ್ಕ್ ಕೈಗಿಡುತ್ತಾ, "ಇದರಲ್ಲಿ ಒಂದು ಇಟಾಲಿಯನ್ ಸಿನಿಮಾ ಇದೆ, ಧೈರ್ಯ ಇದ್ರೆ ಪೂರ್ತಿ ನೋಡು" ಅಂದಿದ್ದ. ಸಿನಿಮಾದ ಹೆಸರು 'ಸಲೊ'. ನಿರ್ದೇಶಕ ಪಿಯರ್ ಪಾವ್ಲೊ ಪಸೊಲಿನಿ. ಒಂದು ಶನಿವಾರ ರಾತ್ರಿ ಶುರು ಮಾಡಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸಿದ ಹಾಗಾಗಿ ನಿಲ್ಲಿಸಿ, ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತುಕೊಂಡೆ. ಸೋಮವಾರ ಗೆಳೆಯ "ಎಷ್ಟು ನಿಮಿಷ ತಡ್ಕೊಂಡೆ?" ಅಂತ ಕೇಳಿದ. ಅದೊಂದು ಪಂದ್ಯ ಅನ್ನುವ ಹಾಗೆ!

ಆ ಹೊತ್ತಿಗೆ ನನ್ನ ಮಟ್ಟಿಗೆ ಪಸೊಲಿನಿ ಅಂದ್ರೆ ಇಷ್ಟೇ... ಕೊಳಕು ತೋರಿಸಿ ಹೆಸರು ಮಾಡಿದ ಒಬ್ಬ ಯುರೋಪಿಯನ್. ಎಷ್ಟೋ ತಿಂಗಳ ನಂತರ ಅದೇ ಡಿಸ್ಕಿನಲ್ಲಿ ಅವನದೇ ಇನ್ನೊಂದು ಸಿನಿಮಾ ಸಿಕ್ಕಿತು. 'ಮ್ಯಾಥ್ಯೂ ಬರೆದ ಸುವಾರ್ತೆ'. ಯೇಸುವಿನ ಕತೆ. ಅದನ್ನೂ ಶನಿವಾರ ರಾತ್ರಿಯೇ ನೋಡಿದೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಈ ಎರಡನ್ನೂ ಮಾಡಿದವನು ಒಬ್ಬನೇನಾ? ಹಾಗಾದ್ರೆ ಈ ಮನುಷ್ಯ ಯಾರು?

ಅಲ್ಲಿಂದ ಶುರುವಾದ ಓದು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಈಗ ನನಗನ್ನಿಸೋದು ಇಷ್ಟು. ಪಸೊಲಿನಿ ನಿಜವಾಗಿಯೂ ಕೆಣಕಿದ್ದು 'ಸಲೊ'ದಲ್ಲಲ್ಲ. ಅದಕ್ಕಿಂತ ಮುಂಚೆಯೇ, ಬೇರೆ ಕಡೆ ಕೆಣಕಿದ್ದ. ಅದು ನೇರವಾಗಿ ನನ್ನಂಥವರನ್ನು, ಬಹುಶಃ ಇದನ್ನು ಓದುತ್ತಿರುವ ನಿಮ್ಮಂಥವರನ್ನೂ ಕೆಣಕುವಂಥದ್ದು.

ಮೊದಲು ಒಂದು ಪುಟ್ಟ ಕತೆ ಹೇಳ್ತೀನಿ.

ಪಸೊಲಿನಿ ಹುಟ್ಟಿದ್ದು 1922ರಲ್ಲಿ, ಬೊಲೊನ್ಯಾ ನಗರದಲ್ಲಿ. ಅಪ್ಪ ಸೈನ್ಯದ ಅಧಿಕಾರಿ, ಮುಸೊಲಿನಿಯ ಪಕ್ಷಪಾತಿ. ಅಮ್ಮ ಸುಸಾನಾ ಶಾಲಾ ಟೀಚರು. ಅವಳ ಊರು ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ ಪ್ರಾಂತದ ಕಸಾರ್ಸ. ಅಲ್ಲಿನ ರೈತರು ಆಡೋದು ಫ್ರಿಯೂಲಿಯನ್ ಎಂಬ ಭಾಷೆ. ಬೇಸಿಗೆ ರಜೆಗೆ ಅಜ್ಜನ ಮನೆಗೆ ಹೋಗುವ ನಮ್ಮ ಹಾಗೇ ಅವನೂ ಕಸಾರ್ಸಕ್ಕೆ ಹೋಗುತ್ತಿದ್ದ. 1941ರ ಬೇಸಿಗೆಯ ಒಂದು ಬೆಳಿಗ್ಗೆ ಅಲ್ಲಿ ಕೂತಿದ್ದಾಗ ಪಕ್ಕದ ರೈತರ ಮನೆ ಹುಡುಗನೊಬ್ಬನ ಬಾಯಲ್ಲಿ 'ರೊಸಾದ' ಎಂಬ ಪದ ಕೇಳಿದ. ರೊಸಾದ ಅಂದ್ರೆ ಇಬ್ಬನಿ. ಅಷ್ಟೇ. ದಿನಾ ಬೆಳಿಗ್ಗೆ ಎಲ್ಲರ ಬಾಯಲ್ಲೂ ಓಡಾಡುವ ಪದ. ಆದರೆ ಇವನಿಗೆ ಥಟ್ಟನೆ ಹೊಳೆದದ್ದು ಏನೆಂದರೆ, ಆ ಕಡೆಯ ಜನ ಆಡುವ ರೀತಿಯಲ್ಲಿ ಈ ಪದವನ್ನು ಯಾರೂ ಯಾವತ್ತೂ ಬರೆದೇ ಇಲ್ಲ! ಅದು ಬರೀ ಸದ್ದಾಗಿಯೇ ಇಷ್ಟು ವರ್ಷ ಬದುಕಿತ್ತು. ಕೂಡಲೇ ಕೂತು ಬರೆದ. ಅವನ ಮೊದಲ ಫ್ರಿಯೂಲಿಯನ್ ಪದ್ಯ ಹುಟ್ಟಿದ್ದು ಹಾಗೆ.

ಮರುವರ್ಷ, 1942ರಲ್ಲಿ, ಇಪ್ಪತ್ತನೇ ವಯಸ್ಸಿಗೆ ಸ್ವಂತ ಖರ್ಚಿನಲ್ಲಿ ಆ ಪದ್ಯಗಳ ಪುಸ್ತಕ ತಂದ. ಫ್ಯಾಸಿಸ್ಟ್ ಸರ್ಕಾರಕ್ಕೆ ಇಂಥ 'ಹಳ್ಳಿ ಮಾತು'ಗಳೆಂದರೆ ಆಗುತ್ತಿರಲಿಲ್ಲ. ಒಂದು ದೇಶ, ಒಂದು ಭಾಷೆ ಎನ್ನುವ ಹುಚ್ಚು. ದೊಡ್ಡ ವಿಮರ್ಶಕ ಜಾನ್‌ಫ್ರಾಂಕೊ ಕೊಂತೀನಿ ಆ ಪುಸ್ತಕವನ್ನು ಮೆಚ್ಚಿ ಬರೆದ ವಿಮರ್ಶೆ ಇಟಲಿಯಲ್ಲಿ ಅಚ್ಚಾಗಲಿಲ್ಲ, 1943ರಲ್ಲಿ ಸ್ವಿಟ್ಜರ್ಲೆಂಡಿನ ಪತ್ರಿಕೆಯಲ್ಲಿ ಬಂತು. 1945ರಲ್ಲಿ ಪಸೊಲಿನಿ ಊರಿನ ಹುಡುಗರನ್ನು ಸೇರಿಸಿ ಫ್ರಿಯೂಲಿಯನ್ ಭಾಷೆಗೊಂದು ಪುಟ್ಟ ಅಕಾಡೆಮಿಯನ್ನೇ ಕಟ್ಟಿದ.

ಗಮನಿಸಿ, ಅವನ ಅಮ್ಮನ ಮನೆಯವರು ಸ್ವಲ್ಪ ಅನುಕೂಲಸ್ಥರು. ಮನೆಯೊಳಗೆ ರೈತರ ಮಾತು ಆಡುತ್ತಿರಲಿಲ್ಲ. ಅಂದರೆ ಇವನು ಆ ಭಾಷೆಯನ್ನು ಹೊಲದಲ್ಲಿ ದುಡಿಯುವವರಿಂದ ಕಲಿತುಕೊಂಡ, ಪ್ರೀತಿಯಿಂದ. ಈ ಮನುಷ್ಯನ ಬದುಕಿನ ಕೀಲಿಕೈ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಅದೇ 1945ರ ಫೆಬ್ರುವರಿಯಲ್ಲಿ ಅವನ ತಮ್ಮ ಗುಯಿದೋ ಸತ್ತ. ಹತ್ತೊಂಬತ್ತು ವರ್ಷದ ಹುಡುಗ. ಫ್ಯಾಸಿಸ್ಟರ ವಿರುದ್ಧ ಕಾಡಿನಲ್ಲಿ ಹೋರಾಡುತ್ತಿದ್ದವನು. ಅವನನ್ನು ಕೊಂದದ್ದು ಫ್ಯಾಸಿಸ್ಟರಲ್ಲ, ಇನ್ನೊಂದು ಗುಂಪಿನ ಕಮ್ಯುನಿಸ್ಟ್ ಹೋರಾಟಗಾರರು. ಇಷ್ಟಾದ ಮೇಲೂ ಪಸೊಲಿನಿ ಕೆಲವೇ ವರ್ಷಗಳಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ. ರೈತರ ಪರ ನಿಂತಿರುವುದು ಅವರೇ ಅನ್ನುವ ಕಾರಣಕ್ಕೆ! ತಮ್ಮನನ್ನು ಕೊಂದವರ ಬಾವುಟದ ಕೆಳಗೆ ನಿಲ್ಲುವುದು ಸುಲಭವಾ? ನನ್ನ ಕೈಲಂತೂ ಆಗೋದಿಲ್ಲ.

1949ರಲ್ಲಿ ಎಲ್ಲ ಮುರಿದು ಬಿತ್ತು. ಊರ ಜಾತ್ರೆಯೊಂದರ ರಾತ್ರಿ ಹದಿಹರೆಯದ ಹುಡುಗರ ಜೊತೆ ಇದ್ದ ಅನ್ನುವ ದೂರು ಪೊಲೀಸರಿಗೆ ಹೋಯಿತು. ಕೇಸಾಯಿತು. ಮೇಷ್ಟ್ರ ಕೆಲಸ ಹೋಯಿತು. ಪಕ್ಷ ನೈತಿಕತೆಯ ಹೆಸರಿನಲ್ಲಿ ಹೊರಗೆ ಹಾಕಿತು. ಮುಂದೆ ಮೇಲ್ಮನವಿಯಲ್ಲಿ ಅವನ ಖುಲಾಸೆಯಾದರೂ ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. 1950ರ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ರೈಲು ಹತ್ತಿ ರೋಮ್ ಸೇರಿದ. ಈ ಭಾಗವನ್ನು ಅವನ ಭಕ್ತರು ಬೇಗ ದಾಟಿಸಿಬಿಡುತ್ತಾರೆ. ನಾನು ದಾಟಿಸಲ್ಲ. ಅವನ ಕಾಲದಲ್ಲಿ ಸಲಿಂಗಿಯಾಗಿರುವುದೇ ಅಪರಾಧ ಅನ್ನುವ ಹಾಗೆ ನೋಡುತ್ತಿದ್ದರು, ಅದು ಅನ್ಯಾಯ. ಆದರೆ ಬಡ ಹುಡುಗರನ್ನು ಅವನು ಪ್ರೀತಿಸಿದ ರೀತಿಯಲ್ಲಿ ದುಡ್ಡು, ವಯಸ್ಸು, ಅಧಿಕಾರ ಎಲ್ಲ ಅವನ ಕಡೆಗೇ ಇತ್ತು ಅನ್ನುವುದೂ ಸತ್ಯ. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡೇ ಅವನ ಸಿನಿಮಾ ನೋಡಬೇಕು.

ರೋಮಿನಲ್ಲಿ ಅವನಿಗೆ ಸಿಕ್ಕಿದ್ದು ಊರಾಚೆಯ ಕೊಳೆಗೇರಿಗಳು. ಅಲ್ಲಿನ ಹುಡುಗರು, ಅವರ ಬೈಗುಳ, ಅವರದೇ ರೋಮನ್ ಆಡುಮಾತು. ಫ್ರಿಯೂಲಿಯಲ್ಲಿ ರೈತರ ಮಾತಿಗೆ ಕಿವಿಗೊಟ್ಟ ಹಾಗೇ ಇಲ್ಲಿ ಇವರ ಮಾತಿಗೆ ಕಿವಿಗೊಟ್ಟ. 1955ರಲ್ಲಿ ಬಂದ ಅವನ ಕಾದಂಬರಿ 'ರಗಾತ್ಸಿ ದಿ ವೀತಾ'ದ ಮೇಲೆ ಅಶ್ಲೀಲತೆಯ ಕೇಸು ಬಿತ್ತು, ಮರುವರ್ಷ ಖುಲಾಸೆ. ಫೆಲಿನಿ ತನ್ನ 'ನೈಟ್ಸ್ ಆಫ್ ಕಬೀರಿಯಾ' ಸಿನಿಮಾಗೆ ಬೀದಿಯ ಮಾತು ಬೇಕಾದಾಗ ಇವನನ್ನೇ ಕರೆದ. 1961ರಲ್ಲಿ ಇವನೇ ಕ್ಯಾಮೆರಾ ಹಿಂದೆ ನಿಂತು 'ಅಕ್ಕತ್ತೋನೆ' ಮಾಡಿದ. ಹೆಣ್ಣೊಬ್ಬಳ ಮೈ ಮಾರಾಟದ ದುಡ್ಡಲ್ಲಿ ಬದುಕುವ ಸೋಮಾರಿಯೊಬ್ಬನ ಕತೆ. ನಟರು ಅದೇ ಕೇರಿಯವರು. ಅವರು ಮಣ್ಣಲ್ಲಿ ಬಿದ್ದು ಹೊಡೆದಾಡುವಾಗ ಹಿನ್ನೆಲೆಯಲ್ಲಿ ಬಾಕ್‌ನ ಚರ್ಚ್ ಸಂಗೀತ ಕೇಳಿಸುತ್ತೆ. ಮೊದಲು ನನಗೆ ಇದು ಯಾಕೋ ಅತಿಯಾಯ್ತು ಅನ್ನಿಸಿತ್ತು. ಆಮೇಲೆ ಅರ್ಥವಾಯ್ತು. ಇವನು ಆ ಹುಡುಗನಿಗೆ ಮರುಕ ತೋರಿಸುತ್ತಿಲ್ಲ, ಗೌರವ ಕೊಡುತ್ತಿದ್ದಾನೆ. ಚರ್ಚಿನ ಗೋಡೆಯ ಮೇಲೆ ಸಂತರಿಗೆ ಕೊಡುವ ಗೌರವ.

1963ರಲ್ಲಿ 'ಲಾ ರಿಕೋತ್ತ' ಎಂಬ ಸಣ್ಣ ಸಿನಿಮಾ. ಯೇಸುವಿನ ಶಿಲುಬೆಯ ಶೂಟಿಂಗ್ ನಡೆಯುತ್ತಿರುತ್ತೆ. ಅದರಲ್ಲಿ ಕಳ್ಳನ ಪಾತ್ರ ಮಾಡುವ ಬಡಪಾಯಿಯೊಬ್ಬ ತನ್ನ ಊಟದ ಪೊಟ್ಟಣವನ್ನು ಮನೆಯವರಿಗೆ ಕೊಟ್ಟು, ಹಸಿದು, ಕೊನೆಗೆ ಹೇಗೋ ತಿನ್ನಲು ಸಿಕ್ಕಾಗ ವಿಪರೀತ ತಿಂದು, ಶಿಲುಬೆಯ ಮೇಲೇ ಸತ್ತು ಹೋಗುತ್ತಾನೆ. ನಿರ್ದೇಶಕನ ಪಾತ್ರದಲ್ಲಿ ಆರ್ಸನ್ ವೆಲ್ಸ್. ಧರ್ಮಕ್ಕೆ ಅವಮಾನ ಅಂತ ಪಸೊಲಿನಿಗೆ ನಾಲ್ಕು ತಿಂಗಳ ಶಿಕ್ಷೆಯಾಯಿತು, ಆಮೇಲೆ ರದ್ದಾಯಿತು. ಒಟ್ಟು ಜೀವನದಲ್ಲಿ ಮೂವತ್ತರಷ್ಟು ಸಲ ಕೋರ್ಟಿನ ವ್ಯವಹಾರ ಕಂಡವನು ಈತ. ಒಮ್ಮೆ ಪೆಟ್ರೋಲ್ ಬಂಕಿನ ಹುಡುಗನೊಬ್ಬ, ಇವನು ಪಿಸ್ತೂಲಿಗೆ ಚಿನ್ನದ ಗುಂಡು ತುಂಬಿ ದರೋಡೆಗೆ ಬಂದಿದ್ದ ಅಂತ ದೂರು ಕೊಟ್ಟಿದ್ದ!

ಧರ್ಮನಿಂದಕ ಅನ್ನಿಸಿಕೊಂಡ ಮರುವರ್ಷವೇ, 1964ರಲ್ಲಿ, ಅವನು ತಂದದ್ದು ನಾನು ಆಗ ಹೇಳಿದ ಯೇಸುವಿನ ಸಿನಿಮಾ. ಅದನ್ನು ಅರ್ಪಿಸಿದ್ದು ಆಗಷ್ಟೇ ತೀರಿಕೊಂಡಿದ್ದ ಪೋಪ್ 23ನೇ ಜಾನ್ ನೆನಪಿಗೆ. ದಕ್ಷಿಣ ಇಟಲಿಯ ಮತೇರಾದ ಕಲ್ಲುಗುಹೆ ಮನೆಗಳಲ್ಲಿ ಶೂಟಿಂಗ್. ಹಲ್ಲು ಬಿದ್ದ, ಬಿಸಿಲಿಗೆ ಸುಟ್ಟ, ನಿಜವಾದ ಬಡವರ ಮುಖಗಳು. ಯೇಸುವಾದವನು ಸ್ಪೇನಿನ ಹತ್ತೊಂಬತ್ತರ ವಿದ್ಯಾರ್ಥಿ ಎನ್ರಿಕೆ ಇರಾಸೊಕಿ. ಅವನು ಬಂದಿದ್ದು ಸಿನಿಮಾದ ಆಸೆಗಲ್ಲ, ಸರ್ವಾಧಿಕಾರಿ ಫ್ರಾಂಕೊ ವಿರುದ್ಧದ ಹೋರಾಟಕ್ಕೆ ಬೆಂಬಲ ಕೇಳಲು! ಶಿಲುಬೆಯ ಕೆಳಗೆ ಕುಸಿದು ಅಳುವ ಮುದಿ ಮೇರಿಯಾಗಿ ಪಸೊಲಿನಿಯ ಸ್ವಂತ ಅಮ್ಮ ಸುಸಾನಾ. ಹತ್ತೊಂಬತ್ತರ ಮಗನನ್ನು ನಿಜವಾಗಿ ಕಳೆದುಕೊಂಡವಳು. ಇದು ಗೊತ್ತಾದ ಮೇಲೆ ಆ ದೃಶ್ಯ ಇನ್ನೊಂದು ಸಲ ನೋಡಿ... ನನಗೆ ಆಗಲಿಲ್ಲ.

ಐವತ್ತು ವರ್ಷಗಳ ನಂತರ, 2014ರಲ್ಲಿ, ವ್ಯಾಟಿಕನ್ನಿನದೇ ಪತ್ರಿಕೆ ಯೇಸುವಿನ ಬಗ್ಗೆ ಬಂದ ಸಿನಿಮಾಗಳಲ್ಲಿ ಬಹುಶಃ ಇದೇ ಅತ್ಯುತ್ತಮ ಎಂದು ಬರೆಯಿತು. ಮಾಡಿದವನು ದೇವರನ್ನು ನಂಬದವನು.

ಇಷ್ಟು ಹೊತ್ತಿಗೆ ಬಲಪಂಥೀಯರಿಗೆ ಇವನೊಬ್ಬ ಶತ್ರು, ಚರ್ಚಿಗೆ ಒಗಟು. ಉಳಿದಿದ್ದು ಎಡಪಂಥದ ಯುವಕರು. 1968ರಲ್ಲಿ ಅವರನ್ನೂ ಎದುರು ಹಾಕಿಕೊಂಡ. ಆ ವರ್ಷ ಮಾರ್ಚ್ 1ರಂದು ರೋಮಿನ ವಾಲೆ ಜೂಲಿಯಾದಲ್ಲಿ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ದೊಡ್ಡ ಹೊಡೆದಾಟವಾಯಿತು. ದೇಶದ ಬುದ್ಧಿಜೀವಿಗಳು ವಿದ್ಯಾರ್ಥಿಗಳಿಗೆ ಜೈ ಅನ್ನುತ್ತಿದ್ದಾಗ ಇವನು ಪದ್ಯವೊಂದರಲ್ಲಿ, ನನ್ನ ಅನುಕಂಪ ಪೊಲೀಸರ ಕಡೆಗೆ ಎಂಬರ್ಥದಲ್ಲಿ ಬರೆದ. ಯಾಕಂದ್ರೆ ಆ ಪೊಲೀಸರು ಬಡವರ ಮಕ್ಕಳು, ಕಲ್ಲು ತೂರುವವರು ದುಡ್ಡಿದ್ದವರ ಮಕ್ಕಳು. ಪೊಲೀಸ್ ವ್ಯವಸ್ಥೆ ಸರಿ ಅಂತ ಅವನು ಹೇಳಲಿಲ್ಲ. ಯೂನಿಫಾರ್ಮ್ ಒಳಗೆ ಯಾರಿದ್ದಾರೆ ನೋಡಿ ಅಂದ. ಇಂದಿಗೂ ಇಟಲಿಯಲ್ಲಿ ಈ ಪದ್ಯದ ಬಗ್ಗೆ ಜಗಳ ನಿಂತಿಲ್ಲ.

ಈಗ ನಾನು ಮೊದಲಲ್ಲಿ ಹೇಳಿದ ಆ ನಿಜವಾದ ಕೆಣಕುವಿಕೆಗೆ ಬರ್ತೀನಿ. 1973ರಿಂದ ಅವನು 'ಕೊರಿಯೆರೆ ದೆಲ್ಲಾ ಸೆರಾ' ಪತ್ರಿಕೆಗೆ ಅಂಕಣ ಬರೆಯತೊಡಗಿದ. ಮಧ್ಯಮವರ್ಗದವರು ಬೆಳಿಗ್ಗೆ ಕಾಫಿ ಜೊತೆ ಓದುವ ಪತ್ರಿಕೆ. ಅಲ್ಲಿ ಅವನು ಹೇಳಿದ್ದು, ನನ್ನ ಮಾತಲ್ಲಿ ಹೇಳೋದಾದ್ರೆ, ಇಷ್ಟು. ಮುಸೊಲಿನಿ ಇಪ್ಪತ್ತು ವರ್ಷ ಬಡಿದರೂ ಇಟಲಿಯ ರೈತರು, ಕೂಲಿಗಳು, ಕೊಳೆಗೇರಿಯವರು ಒಳಗೆ ಬದಲಾಗಲಿಲ್ಲ. ಹೊರಗೆ ಸಲಾಮು ಹೊಡೆದು ಮನೆಗೆ ಬಂದು ತಮ್ಮ ಮಾತನ್ನೇ ಆಡಿದರು. ಆದರೆ ಟೀವಿ ಮತ್ತು ಕೊಳ್ಳುಬಾಕತನ ಹತ್ತೇ ವರ್ಷದಲ್ಲಿ ಅವರನ್ನು ಒಳಗಿನಿಂದಲೇ ಬದಲಾಯಿಸಿಬಿಟ್ಟಿತು. ಯಾರೂ ಹೊಡೆಯಲಿಲ್ಲ, ಯಾರೂ ನಿಷೇಧ ಹಾಕಲಿಲ್ಲ. ಆದರೂ ಹುಡುಗರು ತಮ್ಮ ಮಾತಿಗೆ ನಾಚಿಕೊಳ್ಳತೊಡಗಿದರು. ಆ ನಾಚಿಕೆಯೇ ಹೊಸ ಫ್ಯಾಸಿಸಂ. ಎಲ್ಲರೂ ಒಂದೇ ಥರ ಬಟ್ಟೆ, ಒಂದೇ ಥರ ಕೂದಲು, ಒಂದೇ ಥರ ಆಸೆ.

ಇದನ್ನು ಓದಿದಾಗ ನಾನು ಆಫೀಸಿನ ಕ್ಯೂಬಿಕಲ್ಲಿನಲ್ಲಿದ್ದೆ. ಅಮ್ಮನ ಫೋನ್ ಬಂತು. ನಮ್ಮದು ಕುಂದಾಪ್ರ ಕಡೆ. ಪಕ್ಕದ ಸೀಟಿನಲ್ಲಿ ಬೆಂಗಳೂರಿನ ಕನ್ನಡಿಗರೇ ಇದ್ದರು. ಆದರೂ ನನ್ನ ಮಾತು ತಾನಾಗಿಯೇ 'ಪುಸ್ತಕದ ಕನ್ನಡ'ಕ್ಕೆ ಜಾರಿತು. ಅಮ್ಮ ಆ ಕಡೆಯಿಂದ, "ಎಂತ ಮಾಣಿ, ಪಕ್ಕದಗೆ ಯಾರಾರೂ ಇದ್ರಾ?" ಅಂದಳು. ಅವಳಿಗೆ ನನ್ನ ಭಾಷೆಯಿಂದಲೇ ಗೊತ್ತಾಗುತ್ತೆ! ನನಗೆ ಯಾರು ಹೊಡೆದಿದ್ದರು? ಯಾರು ಬೈದಿದ್ದರು? ಯಾರೂ ಇಲ್ಲ. ಪಸೊಲಿನಿ ಹೇಳಿದ್ದು ಇದನ್ನೇ ಅಲ್ವಾ?

ಹೀಗೆ ಅವನ ಅಂಕಣಗಳನ್ನು ಓದಿಕೊಂಡ ಮೇಲೆ 'ಸಲೊ' ಕೂಡ ಬೇರೆ ಥರ ಕಾಣತೊಡಗಿತು. ಎರಡನೇ ಪ್ರಯತ್ನದಲ್ಲಿ ಪೂರ್ತಿ ನೋಡಿದೆ. ಪಂದ್ಯಕ್ಕಲ್ಲ. ಮಾರ್ಕಿ ದೆ ಸಾದ್‌ನ ಹದಿನೆಂಟನೇ ಶತಮಾನದ ಕಾದಂಬರಿಯನ್ನು ಅವನು 1944-45ರ ಸಲೊ ಗಣರಾಜ್ಯಕ್ಕೆ, ಅಂದರೆ ಮುಸೊಲಿನಿಯ ಕೊನೆಯ ದಿನಗಳ ಆಡಳಿತಕ್ಕೆ ತಂದಿದ್ದಾನೆ. ನಾಲ್ಕು ಜನ ಅಧಿಕಾರಸ್ಥರು ಹುಡುಗ ಹುಡುಗಿಯರನ್ನು ಹಿಡಿದು ಬಂಗಲೆಯೊಂದರಲ್ಲಿ ಕೂಡಿಹಾಕಿ ಬೇಕಾದ್ದು ಮಾಡುತ್ತಾರೆ. ಪ್ರತಿಯೊಂದಕ್ಕೂ ನಿಯಮಗಳಿವೆ, ವೇಳಾಪಟ್ಟಿ ಇದೆ. ಅಸಹ್ಯವಾದದ್ದನ್ನು ತಿನ್ನಿಸುವ ಆ ಕುಖ್ಯಾತ ದೃಶ್ಯ, ಕಂಪನಿಗಳು ನಮಗೆ ತಿನ್ನಿಸುವ ಕಸದ ರೂಪಕ ಅಂತ ಅವನೇ ವಿವರಿಸಿದ್ದಾನೆ. ಅದಕ್ಕಿಂತ ನನ್ನನ್ನು ಕಾಡಿದ್ದು ಕೊನೆ. ಅಂಗಳದಲ್ಲಿ ಚಿತ್ರಹಿಂಸೆ ನಡೆಯುತ್ತಿದ್ದರೆ ಯಜಮಾನರು ಸರದಿಯಂತೆ ಕಿಟಕಿಯಲ್ಲಿ ಕೂತು ದುರ್ಬೀನಿನಿಂದ ನೋಡುತ್ತಾರೆ. ನಾವೂ ಅದೇ ದುರ್ಬೀನಿನಿಂದ ನೋಡುತ್ತೇವೆ. ಒಳಗೆ ಇಬ್ಬರು ಕಾವಲು ಹುಡುಗರು ರೇಡಿಯೋ ಹಾಡಿಗೆ ಡ್ಯಾನ್ಸ್ ಮಾಡುತ್ತಾ, "ನಿನ್ನ ಹುಡುಗಿ ಹೆಸರೇನು?" ಅಂತ ಮಾತಾಡಿಕೊಳ್ಳುತ್ತಾರೆ. ಸಿನಿಮಾ ಮುಗಿಯುತ್ತೆ. ಒಳ್ಳೆಯ ಸಿನಿಮಾ ಅಂತ ನಿಮಗೆ ಶಿಫಾರಸು ಮಾಡಲ್ಲ. ಆದರೆ "ಎಷ್ಟು ನಿಮಿಷ ತಡ್ಕೊಂಡೆ" ಅಂತ ಕೇಳುವವರ ಕೈಯಲ್ಲೂ ಆ ದುರ್ಬೀನು ಇದೆ, ಅಷ್ಟು ಹೇಳಬಲ್ಲೆ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರೂ ಹೇಳಿಬಿಡ್ತೀನಿ. ಪಸೊಲಿನಿ ಕಾಯಿಲೆಯನ್ನು ಸರಿಯಾಗಿ ಗುರುತಿಸಿದ. ಆದರೆ ಕಾಯಿಲೆಗೆ ಮುಂಚಿನ ದಿನಗಳನ್ನು ಆರೋಗ್ಯ ಅಂದುಕೊಂಡ. 1961ರ ಸುಮಾರಿಗೆ ಅವನು ಲೇಖಕ ಮೊರಾವಿಯಾ ಜೊತೆ ಭಾರತಕ್ಕೂ ಬಂದಿದ್ದ. ಆ ಬಗ್ಗೆ 'ಭಾರತದ ವಾಸನೆ' ಎಂಬರ್ಥದ ಹೆಸರಿನಲ್ಲಿ ಪುಸ್ತಕ ಬರೆದ. ಮುಂದೆ 1968ರಲ್ಲಿ, ಹಸಿದ ಹುಲಿಗಳಿಗೆ ತನ್ನ ದೇಹವನ್ನೇ ಕೊಟ್ಟ ರಾಜನ ಕತೆ ಹಿಡಿದುಕೊಂಡು ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದ. ಬಡವರ ಮುಖದಲ್ಲಿ ಅವನಿಗೆ ಎಲ್ಲೆಲ್ಲೂ ಕಂಡದ್ದು ಒಂದು ಬಗೆಯ ಮುಗ್ಧತೆ. 1975ರ ಅಕ್ಟೋಬರಿನಲ್ಲಂತೂ ಕಡ್ಡಾಯ ಮಾಧ್ಯಮಿಕ ಶಾಲೆಯನ್ನೂ ಟೀವಿಯನ್ನೂ ಸದ್ಯಕ್ಕೆ ರದ್ದು ಮಾಡಿಬಿಡಿ ಅಂತ ಬರೆದ. ಬರೆದವನು ಮಾತ್ರ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಓದಿದವನು!

ನಮ್ಮೂರಲ್ಲಿ ದನಕರುಗಳಿಗೆ 'ಗಂಟಿ' ಅಂತಾರೆ. ನಾನು ಚಿಕ್ಕವನಿದ್ದಾಗ ಗಂಟಿ ಹೊಡ್ಕೊಂಡು ಹಾಡಿಗೆ ಹೋಗುತ್ತಿದ್ದೆ. ಹಾಡಿ ಅಂದ್ರೆ ಊರ ಪಕ್ಕದ ಸಣ್ಣ ಕಾಡು. ಈಗ ಮನೆಯಲ್ಲಿ ಗಂಟಿ ಇಲ್ಲ. ಅಕ್ಕನ ಮಗಳಿಗೆ ಆ ಪದ ಗೊತ್ತೇ ಇಲ್ಲ. ಇದನ್ನೇ ನೆನೆದು ಒಮ್ಮೆ ಅಮ್ಮನ ಹತ್ತಿರ ಬೇಜಾರು ಮಾಡಿಕೊಂಡೆ. ಅವಳು ನಕ್ಕು, "ಗಂಟಿ ಮಾರಿದ್ ಒಳ್ಳೇದೇ ಆಯ್ತ್ ಮಾಣಿ, ನನ್ ಸೊಂಟ ಉಳೀತ್" ಅಂದಳು.

ಪಸೊಲಿನಿಗೆ ಈ ಉತ್ತರವನ್ನು ಯಾರಾದರೂ ಹೇಳಬೇಕಿತ್ತು. ಪದ ಉಳಿಸಲಿಕ್ಕೆ ಅಮ್ಮ ಸಗಣಿ ಬಾಚುತ್ತಲೇ ಇರಬೇಕಾ? ಅವನು ಅಂದವಾಗಿ ಕಂಡ ಆ ಬದುಕಿನಿಂದ ತಪ್ಪಿಸಿಕೊಳ್ಳಲು ಆ ಬದುಕಿನವರೇ ಹಾತೊರೆಯುತ್ತಿದ್ದರು. ರೋಮಿನ ಆ ಹುಡುಗರಿಗೆ ಫ್ರಿಜ್ಜು, ಸ್ಕೂಟರು ಬೇಕೆನಿಸಿದ್ದು ಪಾಪವೇನಲ್ಲ. ಆದರೆ ಅವನ ಪ್ರಶ್ನೆಗೂ ಅಮ್ಮನ ಉತ್ತರ ಪೂರ್ತಿ ಸಾಲದು. ಗಂಟಿ ಹೋಗಲಿ, ಸೊಂಟ ಉಳಿಯಲಿ. ಆದರೆ ಮಾತಿಗೆ ನಾಚಿಕೆ ಯಾಕೆ ಬಂತು? ಸೊಂಟ ನೋವಿಗೂ ನಾಚಿಕೆಗೂ ಏನು ಸಂಬಂಧ? ಫ್ರಿಜ್ಜಿನ ಜೊತೆ ನಾಚಿಕೆಯನ್ನೂ ಕಟ್ಟಿ ಕಳಿಸಿದವರು ಯಾರು? ಇಲ್ಲಿ ಪಸೊಲಿನಿಯೇ ಸರಿ, ನನ್ನ ಹತ್ತಿರ ಉತ್ತರವಿಲ್ಲ.

1975ರ ನವೆಂಬರ್ 2ರ ಬೆಳಿಗ್ಗೆ ರೋಮಿನ ಹತ್ತಿರದ ಓಸ್ತಿಯಾದಲ್ಲಿ, ಸಮುದ್ರದ ಬಳಿಯ ಒಂದು ಹಾಳು ಬಯಲಿನಲ್ಲಿ ಅವನ ಹೆಣ ಸಿಕ್ಕಿತು. ಹೊಡೆದು, ಅವನದೇ ಕಾರನ್ನು ಅವನ ಮೇಲೆ ಹತ್ತಿಸಿ ಕೊಂದಿದ್ದರು. ವಯಸ್ಸು 53. ಹದಿನೇಳರ ಹುಡುಗ ಪಿನೊ ಪೆಲೋಸಿಗೆ ಶಿಕ್ಷೆಯಾಯಿತು. ಮೂವತ್ತು ವರ್ಷಗಳ ನಂತರ, 2005ರಲ್ಲಿ, ಅವನು ತಾನು ಕೊಂದಿಲ್ಲ, ಬೇರೆಯವರು ಅಂದ. ಮತ್ತೆ ತನಿಖೆಯಾದರೂ ಯಾರ ಮೇಲೂ ಏನೂ ಸಾಬೀತಾಗಲಿಲ್ಲ. 2017ರಲ್ಲಿ ಪೆಲೋಸಿಯೂ ಸತ್ತ. 'ಸಲೊ' ಮೊದಲ ಬಾರಿ ತೆರೆ ಕಂಡದ್ದು ಪಸೊಲಿನಿ ಸತ್ತು ಮೂರು ವಾರದ ಮೇಲೆ, ಪ್ಯಾರಿಸ್ಸಿನಲ್ಲಿ. ಶಿಲುಬೆಯ ಕೆಳಗೆ ಅತ್ತ ಆ ಅಮ್ಮ 1981ರವರೆಗೆ ಬದುಕಿದ್ದಳು. ಕಸಾರ್ಸದಲ್ಲಿ ಇಬ್ಬರ ಸಮಾಧಿಯೂ ಅಕ್ಕಪಕ್ಕದಲ್ಲಿದೆ.

ಅವನು ಸತ್ತು 24 ವರ್ಷಗಳ ನಂತರ, 1999ರಲ್ಲಿ, ಇಟಲಿಯ ಕಾನೂನು ಫ್ರಿಯೂಲಿಯನ್ ಅನ್ನು ಅಲ್ಪಸಂಖ್ಯಾತ ಭಾಷೆಯೆಂದು ಒಪ್ಪಿಕೊಂಡಿತು. ಕಾನೂನಿನಿಂದ ಭಾಷೆ ಉಳಿಯುತ್ತಾ? ಗೊತ್ತಿಲ್ಲ. ಆದರೆ 'ರೊಸಾದ' ಮಾತ್ರ ಉಳಿದಿದೆ. ಇಲ್ಲಿ ನಾನೊಬ್ಬ, ಇಟಲಿಗೆ ಹೋಗದವನು, ಅದನ್ನು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೀನಿ. ಒಬ್ಬ ಹುಡುಗ ಒಂದು ಬೆಳಿಗ್ಗೆ ಅದನ್ನು ಬರೆದಿಟ್ಟ ಅನ್ನುವ ಒಂದೇ ಕಾರಣಕ್ಕೆ.

ನಾವು ಬ್ಲಾಗಿಗರು ಕನ್ನಡದಲ್ಲಿ ಬರೆಯುತ್ತೇವೆ ಅಂತ ಬೆನ್ನು ತಟ್ಟಿಕೊಳ್ಳುತ್ತೇವೆ, ನಾನೂ ಸೇರಿ. ಆದರೆ ನಿಮ್ಮಮ್ಮ ಆಡುವ ಮಾತಿನಲ್ಲಿ ಎಷ್ಟು ಬರೆದಿದ್ದೀರಿ? ಹವ್ಯಕ, ಅರೆಭಾಷೆ, ಧಾರವಾಡದ ಮಾತು, ಕಲಬುರ್ಗಿಯ ಮಾತು... ಯಾವುದೇ ಇರಲಿ. ತಮಾಷೆಗೆ ಅಲ್ಲ, ನಗಿಸೋದಕ್ಕೆ ಅಲ್ಲ. ನಿಜವಾದ ವಿಷಯ ಹೇಳೋದಕ್ಕೆ. ನಾನು ಇಲ್ಲಿಯವರೆಗೆ ಒಂದು ಪುಟವನ್ನೂ ಬರೆದಿಲ್ಲ. ಈ ಬರಹವನ್ನೂ ನೋಡಿ, ಪುಸ್ತಕದ ಕನ್ನಡದಲ್ಲೇ ಬರೆದಿದ್ದೀನಿ. ಪಕ್ಕದ ಸೀಟಿನವರು ನೀವೆಲ್ಲ ಇದ್ದೀರಲ್ಲ, ಅದಕ್ಕೆ ಇರಬೇಕು :)

ಮುಂದಿನ ಬರಹ ಕುಂದಾಪ್ರ ಕನ್ನಡದಗೇ ಬರಿತೆ. ಕಾಂಬ.